ನೀರು ಇಳಿದಾಗ ಶೆಟ್ಟಿಹಳ್ಳಿ

ಹಾಸನದ ಹತ್ತಿರವಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ಜನ ಸಾಮಾನ್ಯವಾಗಿ ಮಳೆಗಾಲದಲ್ಲಿ ಹೋಗುತ್ತಾರೆ. ಗೊರೂರು ಜಲಾಶಯದ ಹಿನ್ನೀರು ಏರಿ, ಗೋಡೆಗಳು ಅರ್ಧ ಮುಳುಗಿ, ದೇವಾಲಯ ನಡುಗಡ್ಡೆಯಂತೆ ನಿಂತಿರುವ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಾವು ಹೋದದ್ದು ಮಾತ್ರ ಪಾಸ್ಕ ಹಬ್ಬ ಕಳೆದ ಮೇಲೆ, ಪ್ರವಾಸಿಗರೇ ಇಲ್ಲದ ಬಿರುಬೇಸಿಗೆಯಲ್ಲಿ.

ರೊದ್ದಂ ಕಡೆಯ ಕೆಲವು ಕುಟುಂಬಗಳು ನಮ್ಮೊಂದಿಗಿದ್ದವು. ರೊದ್ದಂ ಇರುವುದು ಪೆನ್ನಾ ನದಿಯ ದಂಡೆಯ ಮೇಲೆ. ಆದರೆ ವರ್ಷದ ಬಹುಪಾಲು ಅಲ್ಲಿ ಕಾಣುವುದು ಬರೀ ಮರಳು. ಹೀಗಾಗಿ ನೀರು ನೋಡುವ ಆಸೆಯಿಂದ ಬಂದಿದ್ದ ಮಕ್ಕಳಿಗೆ ಮೊದಲು ನಿರಾಸೆಯಾಯಿತು. ಬಿರುಕು ಬಿಟ್ಟ ಕೆಸರುನೆಲ, ಅಲ್ಲಲ್ಲಿ ಮೇಯುವ ದನಗಳು, ನಡುವೆ ಮಾಡಿಲ್ಲದ ದೇವಾಲಯ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವಿದು. ಹೇಮಾವತಿ ನದಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಶೆಟ್ಟಿಹಳ್ಳಿಯೂ ಮುಳುಗಡೆಯ ಪಟ್ಟಿಗೆ ಸೇರಿತು. ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಊರಿನವರು ಮನೆ ಬಿಟ್ಟು ಹೊಸ ಊರುಗಳಿಗೆ ಹೋದರು. ದೇವಾಲಯ ಒಂಟಿಯಾಯಿತು. ಅಂದಿನಿಂದ ಪ್ರತಿ ಮಳೆಗಾಲ ನೀರು ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ.

ಫ್ರಾನ್ಸಿನಲ್ಲಿ ಮೋಂ ಸೇಂ ಮಿಷೆಲ್ ಎಂಬ ಪ್ರಸಿದ್ಧ ದ್ವೀಪಮಠವಿದೆ. ಸಮುದ್ರದ ಉಬ್ಬರ ಹೆಚ್ಚಿದಾಗ ಸುತ್ತಲೂ ನೀರು, ಇಳಿದಾಗ ಮರಳು. 966ರಲ್ಲಿ ಬೆನೆಡಿಕ್ಟ್ ಸಭೆಯ ಸನ್ಯಾಸಿಗಳು ಅಲ್ಲಿ ನೆಲೆಸಿದರು. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ, ಏಕೆಂದರೆ ಮಠ ಇರುವುದು ಬಂಡೆಯ ತುದಿಯಲ್ಲಿ. ಶೆಟ್ಟಿಹಳ್ಳಿಗೆ ಆ ಭಾಗ್ಯವಿರಲಿಲ್ಲ. ಇಲ್ಲಿ ನೀರು ಪೀಠದವರೆಗೂ ಬಂತು.

ದನ ಕಾಯುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ಕಂಡು ಹತ್ತಿರ ಬಂದರು. "ನಂಗೆ ಜ್ಞಾನಸ್ನಾನ ಆಗಿದ್ದು ಇಲ್ಲೇ ಫಾದರ್" ಎಂದು ಒಂದು ಮೂಲೆ ತೋರಿಸಿದರು. ಪೀಠ ಎಲ್ಲಿತ್ತು, ಹೆಂಗಸರು ಯಾವ ಕಡೆ ಕೂರುತ್ತಿದ್ದರು, ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಹೊರಡುತ್ತಿತ್ತು ಎಲ್ಲವನ್ನೂ ಹೇಳಿದರು. ನಮಗೆ ಕಂಡದ್ದು ಪಾಳುಗೋಡೆ, ಅವರಿಗೆ ಕಂಡದ್ದು ಧರ್ಮಕೇಂದ್ರ. ತುಂಬಿದ ನೀರಿನಲ್ಲಿ ದೂರದಿಂದ ಫೋಟೋ ತೆಗೆದು ಹೋಗಿದ್ದರೆ ಈ ಮಾತು ನಮಗೆ ಸಿಗುತ್ತಿರಲಿಲ್ಲ.

"ಇಷ್ಟು ಚೆನ್ನಾಗಿರೋ ಚರ್ಚನ್ನು ಯಾಕೆ ಮುಳುಗಿಸಿದರು?" ಎಂದು ಒಬ್ಬ ಹುಡುಗ ಕೇಳಿದ. ಸುಲಭದ ಉತ್ತರ ನಮ್ಮಲ್ಲಿರಲಿಲ್ಲ. ಹೇಮಾವತಿಯ ನೀರು ಕಾಲುವೆಯಲ್ಲಿ ತುಮಕೂರಿನವರೆಗೂ ಹೋಗುತ್ತದೆ. ಹೊಲಕ್ಕೂ ಕುಡಿಯುವುದಕ್ಕೂ ಅದೇ ನೀರು. ಬರದ ನೆಲದಿಂದ ಬಂದ ನಮಗೆ ನೀರಿನ ಬೆಲೆ ಗೊತ್ತು. ಆದರೆ ಆ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ನಲ್ಲಿ ತಿರುಗಿಸುವಾಗ ನಾವು ನೆನೆಯುವುದಿಲ್ಲ. ಅವರ ಮನೆ, ಹೊಲ, ದೇವಾಲಯ ಎಲ್ಲವೂ ಆ ನೀರಿನಡಿ ಹೋಗಿವೆ. ಹುಡುಗನಿಗೆ ಇಷ್ಟನ್ನೇ ಹೇಳಿದೆವು. ಅವನು ಮತ್ತೇನೂ ಕೇಳಲಿಲ್ಲ.

ಗೋಡೆಗಳ ಮೇಲೆ ಯಾರ್ಯಾರೋ ಹೆಸರು ಕೆತ್ತಿದ್ದಾರೆ, ಒಳಗೆ ಖಾಲಿ ಬಾಟಲಿಗಳು ಬಿದ್ದಿವೆ. ನೀರು ಮಾಡುವ ಹಾನಿಯನ್ನು ತಡೆಯುವುದು ನಮ್ಮ ಕೈಲಿಲ್ಲ, ಇದನ್ನಾದರೂ ತಡೆಯಬಹುದು. ನಮ್ಮ ತಾಯಂದಿರು ಒಂದು ಚೀಲದ ತುಂಬ ಕಸ ಹೆಕ್ಕಿದರು. ನಂತರ ಅಲ್ಲೇ ನೆರಳಲ್ಲಿ ನಿಂತು ಜಪಸರ ಪ್ರಾರ್ಥನೆ ಮಾಡಿದೆವು. ಆ ವೃದ್ಧರೂ ಟೋಪಿ ತೆಗೆದು ದನಿಗೂಡಿಸಿದರು.

ರಜೆಯಲ್ಲಿ ಹೋಗುವವರಿಗೆ ಒಂದೆರಡು ಮಾತು. ಮಾರ್ಚ್‌ನಿಂದ ಮೇ ತನಕ ನೀರು ಇಳಿದಿರುವ ದಿನಗಳಲ್ಲಿ ಹೋಗಿ. ಕುಡಿಯುವ ನೀರು, ಕೊಡೆ ಜೊತೆಗಿರಲಿ. ಸಡಿಲವಾದ ಕಮಾನುಗಳ ಕೆಳಗೆ ಮಕ್ಕಳನ್ನು ಬಿಡಬೇಡಿ. ಭಾನುವಾರವಾದರೆ ಮೊದಲು ಸುತ್ತಲಿನ ಯಾವುದಾದರೂ ಚರ್ಚಿನಲ್ಲಿ ಬಲಿಪೂಜೆಗೆ ಹೋಗಿ, ಪಕ್ಕದಲ್ಲಿ ಕುಳಿತ ಹಿರಿಯರನ್ನು ಮಾತಾಡಿಸಿ. ಶೆಟ್ಟಿಹಳ್ಳಿಯ ಧರ್ಮಕೇಂದ್ರ ಇನ್ನೂ ಬದುಕಿರುವುದು ಅವರಲ್ಲಿಯೇ.