ಎರಡು ಪುಸ್ತಕ, ಒಂದು ತಪ್ಪು

ರಾತ್ರಿ ಊಟವಾಗಿ ತಟ್ಟೆಗಳನ್ನು ತೊಳೆದಿಟ್ಟ ಮೇಲೆ ವಿದ್ಯಾರ್ಥಿನಿಲಯದಲ್ಲಿ ಒಂದು ಬಗೆಯ ಸಂತೆ ನೆರೆಯುತ್ತದೆ. ಅಲ್ಲಿ ಹಣ ನಡೆಯುವುದಿಲ್ಲ. ಒಂದು ಲೆಕ್ಕಕ್ಕೆ ಒಂದು ಪ್ರಬಂಧ, ಒಂದು ಭೂಪಟಕ್ಕೆ ಎರಡು ಪದ್ಯಗಳ ಭಾವಾರ್ಥ. ಹತ್ತನೆಯ ತರಗತಿಯ ಇಬ್ಬರು ಹುಡುಗರು ಈ ಸಂತೆಯ ಹಳೆಯ ಗಿರಾಕಿಗಳು. ಒಬ್ಬನಿಗೆ ವ್ಯಾಕರಣ ಕರತಲಾಮಲಕ, ರಾಜ್ಯಶಾಸ್ತ್ರವೆಂದರೆ ತೂಕಡಿಕೆ. ಮತ್ತೊಬ್ಬನು ತಂದೆಯ ಚಹದಂಗಡಿಯಲ್ಲಿ ಪತ್ರಿಕೆ ಓದುತ್ತ ಬೆಳೆದವನು. ಸಂಸತ್ತಿನ ಸಂಗತಿಗಳೆಲ್ಲ ಅವನ ನಾಲಗೆಯ ತುದಿಯಲ್ಲಿ. ಆದರೆ ಸಂಧಿಯೆಂದೊಡನೆ ಬಾಯಿ ಒಣಗುತ್ತದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿಯೇ ಮುಗ್ಗರಿಸಿದ್ದ. ಇನ್ನೊಮ್ಮೆ ಹೀಗಾದರೆ ಓದು ಸಾಕು, ಬಂದು ಲೋಟ ತೊಳೆಯಲಿ ಎಂದು ತಂದೆ ಹೇಳಿ ಕಳುಹಿಸಿದ್ದರು.

ಮೊದಮೊದಲು ಇವರದು ಬರಿಯ ನಕಲಿನ ಸ್ನೇಹ. ಒಬ್ಬ ಬರೆದದ್ದನ್ನು ಇನ್ನೊಬ್ಬ ಕಣ್ಣು ಮುಚ್ಚಿ ಇಳಿಸಿಕೊಳ್ಳುವುದು. ರಾಜ್ಯಸಭೆಯ ಸದಸ್ಯರಲ್ಲಿ ಮೂರನೆಯ ಒಂದು ಭಾಗ ಎರಡು ವರ್ಷಗಳಿಗೊಮ್ಮೆ ನಿವೃತ್ತರಾಗುತ್ತಾರಷ್ಟೆ. ಚಹದಂಗಡಿಯವನು ನಿದ್ದೆಗಣ್ಣಿನಲ್ಲಿ ‘ಆರು ವರ್ಷಗಳಿಗೊಮ್ಮೆ’ ಎಂದು ಗೀಚಿದ. ಎರಡು ಪುಸ್ತಕಗಳಲ್ಲಿಯೂ ಅದೇ ತಪ್ಪು! ಜಾಣನದು ಕೈತಪ್ಪೆಂದು ಉಪಾಧ್ಯಾಯರು ಬಿಟ್ಟರು, ವ್ಯಾಕರಣದವನನ್ನು ಎಬ್ಬಿಸಿದರು.

“ಯಾರದನ್ನು ನೋಡಿ ಬರೆದೆ?”

ಅವನು ಬಾಯಿ ಬಿಡಲಿಲ್ಲ. ಬರೆದುಕೊಟ್ಟವನೂ ಬಿಡಲಿಲ್ಲ. ಗಂಟೆ ಬಾರಿಸುವವರೆಗೆ ನಿಂತವನು ಒಬ್ಬನೇ.

ಆ ರಾತ್ರಿ ಚಹದಂಗಡಿಯವನು ತಲೆ ತಗ್ಗಿಸಿಕೊಂಡು ಬಂದ. “ನಾಳೆ ಮೇಷ್ಟ್ರಿಗೆ ಹೇಳಿಬಿಡುತ್ತೇನೆ ಕಣೋ.”

“ಅದು ಹಾಗಿರಲಿ. ರಾಜ್ಯಸಭೆಯನ್ನು ವಿಸರ್ಜಿಸುವಂತಿಲ್ಲ, ಏಕೆ? ಅದನ್ನು ಹೇಳು.”

ಈ ‘ಏಕೆ’ ಸಂತೆಯಲ್ಲಿ ಅದುವರೆಗೆ ಬಾರದ ಸರಕು. ಹುಡುಗ ಸ್ವಲ್ಪ ಹೊತ್ತು ತಡಕಾಡಿದ. “ನಿಮ್ಮಮ್ಮ ಮೊಸರನ್ನೆಲ್ಲ ಬಡಿಸಿಬಿಡುತ್ತಾರೆಯೆ? ಹೆಪ್ಪಿಗೆ ಇಷ್ಟು ಉಳಿಸುವುದಿಲ್ಲವೆ? ಹಾಗೆ. ಮೂರರಲ್ಲಿ ಎರಡು ಪಾಲು ಹಳಬರು ಇದ್ದೇ ಇರುತ್ತಾರೆ. ಹೊಸಬರು ಬಂದು ಕೂಡಿಕೊಳ್ಳುತ್ತಾರೆ. ಲೋಕಸಭೆ ವಿಸರ್ಜನೆಯಾದಾಗಲೂ ಒಂದು ಸದನ ಉಳಿದಿರಬೇಕು.”

ಧೈರ್ಯ ಬಂತೆಂದು ತೋರುತ್ತದೆ. ತನ್ನ ಸಂದೇಹವನ್ನೂ ಹೊರಗೆ ತೆಗೆದ. ಎರಡು ವರ್ಷದಿಂದ, ನಕ್ಕಾರೆಂಬ ಭಯದಿಂದ ಬಚ್ಚಿಟ್ಟಿದ್ದ ಸಂದೇಹ. “ಮಳೆ, ಕಾಲ: ಮಳೆಗಾಲ. ಆದೇಶಸಂಧಿ. ಸರ್ಕಾರ ಆದೇಶ ಹೊರಡಿಸುತ್ತದೆ, ಸರಿ. ಕಕಾರಕ್ಕೆ ಗಕಾರವಾಗೆಂದು ಆದೇಶ ಕೊಟ್ಟವರು ಯಾರು?”

ವ್ಯಾಕರಣದವನು ನಗಲಿಲ್ಲ. ಅವನ ಪಾಂಡಿತ್ಯಕ್ಕಿಂತ ಇದೇ ದೊಡ್ಡದು. “ಇಲ್ಲಿ ಆದೇಶವೆಂದರೆ ಅಪ್ಪಣೆಯಲ್ಲ. ಒಂದರ ಸ್ಥಾನಕ್ಕೆ ಇನ್ನೊಂದು ಬರುವುದು.”

“ಓಹೋ! ಉಪಚುನಾವಣೆ!”

ಆಮೇಲೆ ತಡೆಯುವವರಾರು? ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರದ ರಾಜೀನಾಮೆ, ಅದು ಲೋಪ. ‘ಮನೆಯನ್ನು’ ಎಂಬಲ್ಲಿ ಎರಡೂ ಕಡೆ ಇಲ್ಲದ ಯಕಾರ ನಡುವೆ ಬಂದು ಕುಳಿತಿತು, ರಾಷ್ಟ್ರಪತಿಗಳು ರಾಜ್ಯಸಭೆಗೆ ಹೆಸರಿಸುವ 12 ಮಂದಿಯ ಹಾಗೆ, ಚುನಾವಣೆಯಿಲ್ಲದೆ, ಅದು ಆಗಮ. 13ನೆಯ ಶತಮಾನದ ಕೇಶಿರಾಜನು ಈ ವ್ಯಾಖ್ಯಾನ ಕೇಳಿದ್ದರೆ ಏನೆನ್ನುತ್ತಿದ್ದನೋ! ಪರೀಕ್ಷಕರಂತೂ ಇದಕ್ಕೆ ಅಂಕ ಕೊಡಲಾರರು. ದೀಪ ಆರಿಸುವ ಹೊತ್ತಿಗೆ ಇಬ್ಬರೂ ನಿಘಂಟು ತೆರೆದು ಕುಳಿತಿದ್ದರು.

ಮರುದಿನ ಚಹದಂಗಡಿಯವನು ತಪ್ಪೊಪ್ಪಿಕೊಂಡ. ಶಿಕ್ಷೆ ಅದೇ. ಗೋಡೆಗೆ ಒರಗಿ ನಿಂತವನು ಮುಂದಿನ ಬೆಂಚಿನ ಗೆಳೆಯನ ಕಡೆಗೆ ಬಾಗಿ ಪಿಸುಗುಟ್ಟಿದ:

“ನಿಂತು, ಇದ್ದೇನೆ: ನಿಂತಿದ್ದೇನೆ. ಉಕಾರ ಹೋಯಿತು. ಲೋಪವೇ ತಾನೆ?”