ಗುಡಿಬಂಡೆಯ ಹಾದಿಯೂ ಮುಂಚಕ್ರದ ಕಮಾನೂ

ಗುಡಿಬಂಡೆ ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಕೋಟೆಯೂರು. ಅದರ ಹೆಸರನ್ನೇ ಹೊತ್ತ ಇನ್ನೊಂದು ಗುಡಿಬಂಡೆ ಮಡಕಶಿರಾ ಸೀಮೆಯಲ್ಲಿದೆ. ಬಹುಕಾಲ ಅನಂತಪುರ ಜಿಲ್ಲೆಗೆ ಸೇರಿದ್ದ ಈ ಮಂಡಲವು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯ ಲೆಕ್ಕಕ್ಕೆ ಬಂದಿದೆ. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಿಲ್ಲ. ಭೂಪಟವನ್ನು ಬಿಡಿಸಿ ನೋಡಿದರೆ ಮಡಕಶಿರಾ ಸೀಮೆಯು ತುಮಕೂರು ಜಿಲ್ಲೆಯ ಒಡಲೊಳಕ್ಕೆ ಚಾಚಿಕೊಂಡಂತೆ ಕಾಣುತ್ತದೆ. ಪಕ್ಕದ ಪಾವಗಡ ಆಂಧ್ರದ ಒಡಲೊಳಕ್ಕೆ ಚಾಚಿದೆ. ಎರಡು ರಾಜ್ಯಗಳ ಈ ಹೆಣಿಗೆಯಲ್ಲಿ ಬದುಕುವವರಿಗೆ ಗಡಿಯೆಂಬುದು ದಿನಕ್ಕೆರಡು ಬಾರಿ ದಾಟುವ ಒಂದು ಮೋರಿ, ಒಂದು ನಾಮಫಲಕ, ಅಷ್ಟೆ.

ಹೀಗೆ ದಾಟುವುದು ಹೆಚ್ಚಾಗಿ ಪಿಕಪ್ ವಾಹನಗಳು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ವಾಹನವೆಂಬುದು ಹಳ್ಳಿಯ ಕೈಗೆಟುಕಿತು. ಎತ್ತಿನ ಗಾಡಿ ನಿಲ್ಲುತ್ತಿದ್ದ ಕಣದ ಅಂಚಿನಲ್ಲಿ ಈಗ ಎಪಿ 02 ಎಂದು ಬರೆದ ವಾಹನ ನಿಲ್ಲುತ್ತದೆ. ಅದರ ಮಗ್ಗುಲಲ್ಲಿ ಕೆಎ 06, ಕೆಎ 64 ಇದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಅಮರಾಪುರ, ರೊಳ್ಳ, ಅಗಳಿಗಳ ಕಡೆಯಿಂದ ಬರುವ ಶೇಂಗಾ, ಅಡಿಕೆ, ತೆಂಗು, ಹುಣಸೆ, ರೇಷ್ಮೆಗೂಡುಗಳೆಲ್ಲವೂ ಒಂದಲ್ಲ ಒಂದು ಘಟ್ಟದಲ್ಲಿ ಇಂಥ ವಾಹನದ ಬೆನ್ನೇರುತ್ತವೆ. ಹಿಂದೂಪುರ ಒಂದು ದಿಕ್ಕಿಗೆ ಎಳೆದರೆ ಶಿರಾ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ.

ಸರಕು ಬೇರೆಯಾದಂತೆ ವಾಹನ ಸವೆಯುವ ರೀತಿಯೂ ಬೇರೆ. ರೇಷ್ಮೆಗೂಡು ಹಗುರ, ಆದರೆ ಅವಸರದ್ದು. ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟಿದ ಮೇಲೆ 10-12 ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ; ತೂತು ಬಿದ್ದ ಗೂಡಿನಿಂದ ಒಳ್ಳೆಯ ನೂಲು ಬಾರದು. ಆದ್ದರಿಂದ ಗೂಡು ಬಿಡಿಸಿದ ರೈತನಿಗೆ ಹಿಂದೂಪುರದ ಮಾರುಕಟ್ಟೆಯ ಹರಾಜಿನ ಹೊತ್ತೊಂದೇ ಕಣ್ಣಿಗೆ ಕಾಣುತ್ತದೆ. ಆ ಓಟದಲ್ಲಿ ಸವೆಯುವುದು ಬ್ರೇಕು. ಹುಣಸೆಗೆ, ಅಡಿಕೆಗೆ, ಶೇಂಗಾಕ್ಕೆ ಅಷ್ಟು ಅವಸರವಿಲ್ಲ, ಆದರೆ ಭಾರವಿದೆ. ಅಲ್ಲಿ ಸೋಲುವುದು ಕಮಾನ್ ಪಟ್ಟಿ. ಒಂದೇ ವಾಹನ ಎರಡನ್ನೂ ಹೊರುವುದರಿಂದ ಎರಡೂ ಒಟ್ಟಿಗೆ ಸವೆಯುತ್ತವೆ. ದಾರಿಯ ಹಳ್ಳಗಳು ಉಳಿದದ್ದನ್ನು ಮುಗಿಸುತ್ತವೆ.

ಈ ಸೀಮೆಯ ರಸ್ತೆಬದಿಯ ಗ್ಯಾರೇಜುಗಳಿಗೆ ಗೋಡೆಗಿಂತ ಮರ ಮುಖ್ಯ. ಮರದ ನೆರಳಿನಲ್ಲಿ ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ಜಾಕಿ, ಒಂದು ಪಾನಾ ಪೆಟ್ಟಿಗೆ, ಮೇಸ್ತ್ರಿ, ಅವನ ಕೈಕೆಳಗಿನ ಹುಡುಗ. ಕಮಾನ್ ಪಟ್ಟಿ, ಬುಷ್, ಶ್ಯಾಕಲ್, ಹಬ್, ಲೈನರ್ ಮುಂತಾದ ಮಾತುಗಳಿಗೆ ತೆಲುಗು, ಕನ್ನಡವೆಂಬ ಭೇದವಿಲ್ಲ. ಅಲ್ಲಿ ಕೇಳಿಬರುವ ಸಂಭಾಷಣೆಯೂ ಬಹುಮಟ್ಟಿಗೆ ಒಂದೇ ಬಗೆಯದು.

“ಎರಡೂ ಕಡೆ ಯಾಕೆ ಮೇಸ್ತ್ರಿ? ಎಡಗಡೇದು ಮಾತ್ರ ಮುರಿದೈತೆ.”

“ಎಡಗಡೆ ಹೊಸದು ಹಾಕಿ ಬಲಗಡೆ ಹಳೇದೇ ಬಿಟ್ರೆ ಗಾಡಿ ಬಲಕ್ಕೆ ವಾಲ್ತೈತಣ್ಣ. ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಿಮ್ಮ ಮಾತು ಕೇಳಲ್ಲ.”

ಮೇಸ್ತ್ರಿಯ ಮಾತಿನಲ್ಲಿ ಶಾಸ್ತ್ರವಿದೆ. ಓಡುವ ವಾಹನವನ್ನು ತಡೆದಾಗ ಅದರ ಭಾರ ಮುಂದಕ್ಕೆ ಜರುಗುತ್ತದೆ. ತಡೆಯುವ ಕೆಲಸದ ಹೆಚ್ಚಿನ ಪಾಲು ಮುಂಚಕ್ರಗಳದು. ದಿಕ್ಕು ತಿರುಗಿಸುವ ಕೆಲಸವೂ ಅವುಗಳದೇ. ಆದ್ದರಿಂದ ಮುಂದಿನ ಕಮಾನು, ಬುಷ್, ಡಿಸ್ಕ್, ಪ್ಯಾಡ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಬಲ್ಲ ಮೇಸ್ತ್ರಿಯ ಕೆಲಸದ ಕ್ರಮ ನೋಡತಕ್ಕದ್ದು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸುತ್ತಾನೆ. ಜಾಕಿಯನ್ನು ನೆಚ್ಚದೆ ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡುತ್ತಾನೆ. ಸ್ಟ್ಯಾಂಡ್ ಇಲ್ಲದ ಕಡೆ ಕಲ್ಲು ಪೇರಿಸುವ ಅಭ್ಯಾಸವುಂಟು, ಅದು ಜೀವದ ಮೇಲಿನ ಜೂಜು. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿನಲ್ಲಿ ಜೋತುಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟುತ್ತಾನೆ. ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆ ಡಿಸ್ಕಿನ ಮೇಲೆಯೇ ಕೊರೆದಿದ್ದರೆ ಅದಕ್ಕೆ ಸರಿಯಾಗಿ ಅಳೆದು ನೋಡುತ್ತಾನೆ. ಹಳೆಯ ಯು-ಬೋಲ್ಟ್ ಒಮ್ಮೆ ಬಿಗಿದು ಹಿಗ್ಗಿರುವುದರಿಂದ ಹೊಸದನ್ನೇ ಹಾಕುತ್ತಾನೆ. ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರಗಳು ನೆಲಕ್ಕೆ ಇಳಿದು ಭಾರ ಹೊತ್ತ ಮೇಲೆಯೇ ಪೂರ್ತಿ ಬಿಗಿಯುತ್ತಾನೆ. ಮೊದಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡು ನಿಂತು ಬೇಗ ಹರಿಯುತ್ತದೆ.

ಕೊನೆಗೆ ಬ್ರೇಕಿನ ಗಾಳಿ ತೆಗೆಯುವ ಕೆಲಸ. ಹುಡುಗ ಸೀಟಿನಲ್ಲಿ ಕೂತು ಪೆಡಲ್ ತುಳಿಯುತ್ತಾನೆ, ಮೇಸ್ತ್ರಿ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕೂತು ಕೂಗುತ್ತಾನೆ: “ಒತ್ತು… ಹಿಡ್ಕೊ… ಬಿಡು.” ಕೊಳವೆಯಲ್ಲಿ ಗುಳ್ಳೆ ನಿಲ್ಲುವವರೆಗೂ ಈ ಮೂರು ಮಾತಿನ ಮಂತ್ರ ನಡೆಯುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುವ ದ್ರವ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ, ಕುದಿದಲ್ಲಿ ಆವಿ ನಿಂತು ಪೆಡಲ್ ಪೊಳ್ಳಾಗುತ್ತದೆ. ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲನ್ನು ಉಳಿತಾಯವೆಂದು ಸುರಿಯುವವರು ಇದನ್ನು ಅರಿಯಬೇಕು. ಎಂಜಿನ್ ಆಯಿಲ್ ಸುರಿದರಂತೂ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಇಷ್ಟೆಲ್ಲ ತಿಳಿದ ಮೇಸ್ತ್ರಿಗೂ ಒಂದು ಒತ್ತಾಯ ತಪ್ಪಿದ್ದಲ್ಲ. “ಇನ್ನೊಂದು ಪಟ್ಟಿ ಸೇರಿಸು” ಎಂಬುದೇ ಅದು. ಕಮಾನಿಗೆ ಹೆಚ್ಚುವರಿ ಪಟ್ಟಿ ಸೇರಿಸಿದರೆ ವಾಹನ ಬಗ್ಗದೆ ನಿಲ್ಲುತ್ತದೆ, ಬಾಡಿಗೆಗೆ ಹತ್ತು ಮೂಟೆ ಹೆಚ್ಚು ಹಿಡಿಯುತ್ತದೆ. ಸಾಲದ ಕಂತು ಕಟ್ಟುವ ಮಾಲೀಕನಿಗೆ ಈ ಹತ್ತು ಮೂಟೆ ಸಣ್ಣ ಮಾತಲ್ಲ. ಅವನನ್ನು ದುರಾಸೆಯವನೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಆದರೆ ಹೆಚ್ಚುವರಿ ಪಟ್ಟಿ ಭಾರ ಹೊರುವ ಶಕ್ತಿಯನ್ನು ಕೊಟ್ಟಿತೇ ಹೊರತು ನಿಲ್ಲಿಸುವ ಶಕ್ತಿಯನ್ನು ಕೊಡಲಿಲ್ಲ. ಡಿಸ್ಕ್ ಅದೇ, ಪ್ಯಾಡ್ ಅದೇ, ಟೈರ್ ಅದೇ. ಮೊದಲು ಬಗ್ಗಿದ ಕಮಾನು “ಸಾಕು” ಎಂದು ಹೇಳುತ್ತಿತ್ತು. ಈಗ ಆ ಎಚ್ಚರಿಕೆಯ ಬಾಯಿಯನ್ನೂ ಕಟ್ಟಿದಂತಾಯಿತು. ಗುಜರಿಯಿಂದ ದೊಡ್ಡ ವಾಹನದ ಕ್ಯಾಲಿಪರ್ ತಂದು ಕೂರಿಸಿದರೂ ಕತೆ ಮುಗಿಯದು. ದೊಡ್ಡ ಪಿಸ್ಟನ್ನಿಗೆ ಹೆಚ್ಚು ಆಯಿಲ್ ಬೇಕು, ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟನ್ನು ತಳ್ಳಬೇಕಾದರೆ ಪೆಡಲ್ ಇನ್ನಷ್ಟು ಕೆಳಕ್ಕಿಳಿಯುತ್ತದೆ. ಬೋಲ್ಟ್ ಕೂತ ಮಾತ್ರಕ್ಕೆ ಭಾಗ ಹೊಂದಿತೆಂದಲ್ಲ.

ಕಾನೂನು ಈ ವಿಷಯದಲ್ಲಿ ಮೇಸ್ತ್ರಿಯ ಪಕ್ಷದಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಖಚಿತಪಡಿಸಿತು. ಸವೆದ ಭಾಗಕ್ಕೆ ಅದೇ ಬಗೆಯ ಹೊಸ ಭಾಗ ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪಟ್ಟಿ ಎಷ್ಟು ಸೇರಿಸಿದರೂ ನೋಂದಣಿ ಪತ್ರದಲ್ಲಿ ಬರೆದ ಒಟ್ಟು ತೂಕ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಮೀರಿದರೆ 2019ರ ತಿದ್ದುಪಡಿಯಂತೆ 194ನೆಯ ಕಲಮಿನ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000. ಸಾರಿಗೆ ವಾಹನವು 8 ವರ್ಷದ್ದಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಪಡೆಯಬೇಕು. ಪರೀಕ್ಷೆಯ ದಿನ ಹೆಚ್ಚುವರಿ ಪಟ್ಟಿ ಬಿಚ್ಚಿ, ಮರುದಿನ ಹಾಕಿಸುವ ಚಮತ್ಕಾರ ಗಡಿಯ ಎರಡೂ ಬದಿಯಲ್ಲಿ ಬಲ್ಲದ್ದೇ.

ಹಣಕ್ಕಿಂತ ಹಿರಿದಾದ ನಷ್ಟ ಬೇರೆಯಿದೆ. ಮುಂಜಾನೆ ಸರಕಿಲ್ಲದ ಪಿಕಪ್ಪಿನ ಹಿಂಭಾಗದಲ್ಲಿ ಹುಣಸೆ ಬಡಿಯಲು, ಶೇಂಗಾ ಕೀಳಲು ಹೊರಟ ಹೆಂಗಸರು ನಿಂತಿರುತ್ತಾರೆ. ಮದುವೆ, ಜಾತ್ರೆಗಳಿಗೂ ಇದೇ ವಾಹನ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ವಿಮೆಯ ರಕ್ಷಣೆಯುಂಟು. ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಸರಕು ವಾಹನದ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲೇ ತೀರ್ಪಿತ್ತಿದೆ. ಬ್ರೇಕು ಸೋತು ವಾಹನ ಮಗುಚಿದರೆ ಪರಿಹಾರದ ಹೊರೆ ಬೀಳುವುದು ಕಂತು ಕಟ್ಟುತ್ತಿರುವ ಆ ಮಾಲೀಕನ ಹೆಗಲಿಗೆ. ಅವನ ಬಳಿ ಕೊಡಲು ಏನೂ ಇಲ್ಲದಿದ್ದರೆ ಆ ಹೆಂಗಸರ ಮನೆಗೂ ಏನೂ ಬಾರದು.

“ಬ್ರೇಕ್ ಇದ್ದಕ್ಕಿದ್ದಂತೆ ಕೈಕೊಟ್ಟಿತು” ಎಂಬ ಸಮಜಾಯಿಷಿಯೂ ನಡೆಯದು. ಯಂತ್ರದೋಷದಿಂದ ಅಪಘಾತವಾಯಿತೆನ್ನುವ ಮಾಲೀಕನು, ತಾನು ತಕ್ಕ ಎಚ್ಚರ ವಹಿಸಿದರೂ ದೋಷ ಕಣ್ಣಿಗೆ ಬೀಳದಂತೆ ಅಡಗಿತ್ತೆಂದು ತಾನೇ ಸಾಬೀತುಪಡಿಸಬೇಕೆಂದು ಮಿನು ಮೆಹ್ತಾ ಪ್ರಕರಣದಲ್ಲಿ 1977ರಲ್ಲಿ ಹೇಳಲಾಯಿತು. ಕೌಶನುಮಾ ಬೇಗಂ ಪ್ರಕರಣದಲ್ಲಿ ಜೀಪಿನ ಮುಂದಿನ ಟೈರ್ ಸಿಡಿದು ದಾರಿಹೋಕರೊಬ್ಬರು ಸತ್ತಾಗ, ನಿರ್ಲಕ್ಷ್ಯ ಸಾಬೀತಾಗದಿದ್ದರೂ ಪರಿಹಾರ ಕೊಡಲೇಬೇಕೆಂದು 2001ರಲ್ಲಿ ತೀರ್ಮಾನವಾಯಿತು.

ಎಚ್ಚರ ವಹಿಸಿದ್ದಕ್ಕೆ ಪುರಾವೆ ಎಲ್ಲಿಂದ ಬರಬೇಕು? ಮರದಡಿಯ ಗ್ಯಾರೇಜಿನಲ್ಲಿ ಹಣ ಕೈಯಿಂದ ಕೈಗೆ ಹೋಗುತ್ತದೆ, ಕಾಗದ ಹುಟ್ಟುವುದಿಲ್ಲ. ಬಿಡಿಭಾಗದ ಅಂಗಡಿಯ ರಸೀತಿ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ತೆಲುಗು ಬಾರದೆಂದು, ಇಂಗ್ಲಿಷ್ ತಿಳಿಯದೆಂದು ಬರೆಯದೆ ಬಿಡುವ ಮೇಸ್ತ್ರಿಗಳೂ ಇದ್ದಾರೆ. ಕನ್ನಡದಲ್ಲಿ ಬರೆದ ಚೀಟಿಯೂ ದಾಖಲೆಯೇ. ನ್ಯಾಯಾಲಯಕ್ಕೆ ಬೇಕಾದಾಗ ಅದರ ಅನುವಾದ ಸಲ್ಲಿಸಬಹುದು. ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್, ತಾರೀಖು, “ಮುಂದಿನ ಕಮಾನ್ ಪಟ್ಟಿ ಎರಡೂ ಕಡೆ, ಡಿಸ್ಕ್ ಎರಡು, ಪ್ಯಾಡ್ ಒಂದು ಸೆಟ್, ಬ್ರೇಕ್ ಆಯಿಲ್ ಹೊಸದು” ಎಂಬ ಒಂದು ಸಾಲು, ಕೆಳಗೆ ಮೇಸ್ತ್ರಿಯ ರುಜು. ಹುಡುಗ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಬರೆದು ಮುಗಿಯುತ್ತದೆ.