ಗುಳಿಗೆಯೂ ನಿತ್ಯಕರ್ಮವೂ

ತಿಳಿವಳಿಕೆ ಬಂದರೆ ನಡತೆ ತಾನಾಗಿಯೇ ಬರುವುದೆಂಬ ಭರವಸೆಯ ಮೇಲೆ ಉಪಾಧ್ಯಾಯವೃತ್ತಿ ನಿಂತಿದೆ. ಪಾಠವನ್ನು ಚೆನ್ನಾಗಿ ಹೇಳಿದರೆ ಹುಡುಗನು ಅದರಂತೆ ನಡೆಯುವನು. ನಡೆಯದಿದ್ದರೆ ಪಾಠವು ಅವನ ತಲೆಗೆ ಹತ್ತಲಿಲ್ಲವೆಂದು ಅರ್ಥ. ಉಪಾಧ್ಯಾಯರ ಕೊಠಡಿಯಲ್ಲಿ ಹೀಗೆಂದು ಮಾತನಾಡಿಕೊಳ್ಳುವುದು ಎಂದಿನಿಂದಲೂ ವಾಡಿಕೆ. ಸಂಧಿಸಮಾಸಗಳ ವಿಷಯದಲ್ಲಿ ಈ ಮಾತು ತಕ್ಕಮಟ್ಟಿಗೆ ಸಲ್ಲುತ್ತದೆ. ರಕ್ತದ ಒತ್ತಡದ ವಿಷಯದಲ್ಲಿ ಸಲ್ಲುವುದಿಲ್ಲ. ಅದು ಹೇಗೆಂಬುದನ್ನು ವಾಚಕ ಮಹಾಶಯರ ಮುಂದಿಡುವುದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ರೋಗಗಳಲ್ಲಿ ಬಹುಪಾಲು ತಮ್ಮ ಬರವನ್ನು ತಾವೇ ಸಾರಿಕೊಂಡು ಬರುತ್ತವೆ. ಜ್ವರವು ಮೈಯನ್ನು ಸುಡುತ್ತದೆ. ಹಲ್ಲುನೋವು ಬೀದಿಗೆಲ್ಲ ತಿಳಿಯುತ್ತದೆ. ರಕ್ತದ ಒತ್ತಡದ ಏರಿಕೆ ಅಂತಹುದಲ್ಲ. ವರ್ಷಗಟ್ಟಲೆ ಮನೆಯೊಳಗೆ ಓಡಾಡಿಕೊಂಡಿದ್ದರೂ ಅದರ ಹೆಜ್ಜೆಯ ಸಪ್ಪಳ ಕೇಳಿಸದು. ತಲೆನೋವು, ತಲೆಸುತ್ತು ಇವೇ ಅದರ ಗುರುತುಗಳೆಂದು ಜನರು ನಂಬಿರುವುದುಂಟು. ಆದರೆ ಬಹುಮಂದಿಯಲ್ಲಿ ಇಂತಹ ಗುರುತು ಒಂದೂ ಕಾಣುವುದಿಲ್ಲ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ರೋಗಿಯ ಪ್ರತ್ಯಕ್ಷಪ್ರಮಾಣಕ್ಕೆ ಏನೂ ಸಿಕ್ಕದು. ಯಂತ್ರವು ಹೇಳಿದುದನ್ನು ಒಪ್ಪಿಕೊಳ್ಳಬೇಕು. ಆ ಯಂತ್ರವಾದರೂ ತೀರ ಹಳೆಯದಲ್ಲ. ತೋಳಿಗೆ ಪಟ್ಟಿಯನ್ನು ಸುತ್ತಿ ಗಾಳಿ ತುಂಬಿ ಅಳೆಯುವ ಉಪಾಯವನ್ನು ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯರು ೧೮೯೬ರಲ್ಲಿ ಪ್ರಕಟಿಸಿದರು. ಮೊಣಕೈಯ ಮಡಿಕೆಯಲ್ಲಿ ನಾಡಿಯ ಸದ್ದನ್ನು ಆಲಿಸಿ ಮೇಲಿನ ಅಂಕೆ, ಕೆಳಗಿನ ಅಂಕೆ ಎರಡನ್ನೂ ಗುರುತಿಸುವ ಕ್ರಮವನ್ನು ರಷ್ಯಾ ದೇಶದ ಕೊರೊಟ್ಕಾಫ್ ಎಂಬವರು ೧೯೦೫ರಲ್ಲಿ ತಿಳಿಸಿದರು. ಹೃದಯವು ರಕ್ತವನ್ನು ಮುಂದಕ್ಕೆ ತಳ್ಳುವಾಗಿನ ಒತ್ತಡವು ಮೇಲಿನದು. ಅದು ಸಡಿಲಗೊಂಡು ತುಂಬಿಕೊಳ್ಳುವಾಗಿನ ಒತ್ತಡವು ಕೆಳಗಿನದು. ಬೇರೆಬೇರೆ ದಿನಗಳಲ್ಲಿ ನೋಡಿದಾಗಲೂ ೧೪೦/೯೦ ಅಥವಾ ಅದಕ್ಕಿಂತ ಹೆಚ್ಚಾಗಿ ನಿಂತರೆ ವೈದ್ಯರು ಅದನ್ನು ರೋಗವೆಂದೇ ಎಣಿಸುತ್ತಾರೆ.

ಅಂಕೆ ತಿಳಿದರೂ ಔಷಧವಿಲ್ಲದಿದ್ದ ಕಾಲವೊಂದಿತ್ತು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರನ್ನು ೧೯೪೪ರ ಮಾರ್ಚಿ ತಿಂಗಳಿನಲ್ಲಿ ಪರೀಕ್ಷಿಸಿದ ಹೃದ್ರೋಗವೈದ್ಯರು ೧೮೬/೧೦೮ ಎಂದು ಬರೆದುಕೊಂಡರು. ೧೯೪೫ರ ಏಪ್ರಿಲ್ ೧೨ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡ ದಿನ ಅದೇ ವೈದ್ಯರು ಕಂಡ ಅಂಕೆ ೩೦೦/೧೯೦. ಲೋಕದಲ್ಲಿ ಅವರಷ್ಟು ಪ್ರಬಲರಾದವರು ಆಗ ಇನ್ನಾರಿದ್ದರು? ಆದರೂ ಇಂದು ಹಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಕೊಡುವ ಗುಳಿಗೆ ಅವರಿಗೆ ದೊರೆಯಲಿಲ್ಲ.

ಔಷಧದಿಂದ ಪ್ರಾಣವುಳಿಯುವುದೆಂಬುದು ಸಂದೇಹಕ್ಕೆಡೆಯಿಲ್ಲದಂತೆ ತಿಳಿದುದು ೧೯೬೭ರಲ್ಲಿ. ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ, ಕೆಳಗಿನ ಅಂಕೆ ೧೧೫ರಿಂದ ೧೨೯ರವರೆಗೆ ಇದ್ದ ೧೪೩ ಮಂದಿ ಗಂಡಸರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ನಿಜವಾದ ಔಷಧವನ್ನೂ ಇನ್ನೊಂದಕ್ಕೆ ಸತ್ತ್ವವಿಲ್ಲದ ಗುಳಿಗೆಯನ್ನೂ ಕೊಟ್ಟು ನೋಡಿದರು. ಸತ್ತ್ವವಿಲ್ಲದ ಗುಳಿಗೆಯವರಲ್ಲಿ ೨೭ ಮಂದಿಗೆ ಘೋರವಾದ ಅಪಾಯಗಳು ಒದಗಿದುವು. ಔಷಧ ತೆಗೆದುಕೊಂಡವರಲ್ಲಿ ಇಬ್ಬರಿಗೆ ಮಾತ್ರ. ಈ ಪರೀಕ್ಷೆಯಲ್ಲಿ ನಮಗೆ ಬಹಳ ಹಿಡಿಸಿದ ಅಂಶ ಬೇರೊಂದಿದೆ. ಪಂಗಡ ಮಾಡುವುದಕ್ಕೆ ಮೊದಲೇ, ಇವರು ಕೊಟ್ಟ ಗುಳಿಗೆಯನ್ನು ನುಂಗುವವರೇ ಎಂದು ಪರೀಕ್ಷಿಸಿದರಂತೆ. ಮೂತ್ರದಲ್ಲಿ ಹೊಳಪು ತೋರುವ ಒಂದು ಜೀವಸತ್ತ್ವವನ್ನು ಗುಳಿಗೆಯೊಳಗೆ ಸೇರಿಸಿ, ಆ ಹೊಳಪು ಇದೆಯೇ ಎಂದು ನೋಡಿದರು; ಮಿಕ್ಕ ಗುಳಿಗೆಗಳನ್ನು ಎಣಿಸಿದರು. ತಪ್ಪಿದವರನ್ನು ಕೈಬಿಟ್ಟರು. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದವರಿಗೆ ಈ ಎಚ್ಚರಿಕೆಯ ಬೆಲೆ ಗೊತ್ತು.

ಇನ್ನು ನಮ್ಮ ಮನೆತನದ ಮಾತು. ನಮ್ಮ ಅಣ್ಣನವರು ನಮಗಿಂತ ಆರು ವರ್ಷ ದೊಡ್ಡವರು. ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು. ಐವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಒತ್ತಡವಿರುವುದು ತಿಳಿಯಿತು. ತಿಳಿದ ಒಂದು ತಿಂಗಳೊಳಗಾಗಿ ಅವರು ಆ ವಿಷಯದಲ್ಲಿ ಪಂಡಿತರೇ ಆದರು. ಉಪ್ಪು ದಿನಕ್ಕೆ ಐದು ಗ್ರಾಮಿಗೆ ಮೀರಬಾರದೆಂಬುದು, ಉಪ್ಪಿನಕಾಯಿ ಹಪ್ಪಳ ಸಂಡಿಗೆಗಳಲ್ಲಿ ಅಡಗಿ ಬರುವ ಉಪ್ಪಿನ ಲೆಕ್ಕ, ಮೂತ್ರಪಿಂಡಕ್ಕೂ ಕಣ್ಣಿನ ಪರದೆಗೂ ಒತ್ತಡದಿಂದಾಗುವ ಕೇಡು ಎಲ್ಲವನ್ನೂ ಬಲ್ಲರು. ಮದುವೆಮನೆಗಳಲ್ಲಿ ಪಕ್ಕದ ಎಲೆಯವರಿಗೆ ಪಾಠವನ್ನೂ ಹೇಳುವರು. ಪರೀಕ್ಷೆಯಿಟ್ಟಿದ್ದರೆ ನೂರಕ್ಕೆ ನೂರು ಅಂಕ ಕೊಡಬೇಕಾಗಿತ್ತು.

ಮೊದಲು ಏಕಾದಶಿಯ ದಿನ ಗುಳಿಗೆ ತಪ್ಪಿತು; ಉಪವಾಸದ ದಿನ ಔಷಧವೇಕೆಂದರು. ಆಮೇಲೆ ಊರಿಗೆ ಹೋದಾಗಲೆಲ್ಲ ಅದು ಮನೆಯಲ್ಲೇ ಉಳಿಯುತ್ತಿತ್ತು. ಕೊನೆಗೊಂದು ದಿನ ಅಂಕೆಯು ೧೨೪/೭೮ಕ್ಕೆ ಇಳಿದುದನ್ನು ಕಂಡು ಪೂರ್ತಿಯಾಗಿ ನಿಲ್ಲಿಸಿಬಿಟ್ಟರು. ನಾವು ಕೇಳಿದೆವು. “ಸರಿಯಾಗಿದೆ ಕಣಯ್ಯಾ ಮೇಷ್ಟ್ರೇ. ಬಾವಿಯಲ್ಲಿ ನೀರು ಬಂದಮೇಲೂ ಯಾರಾದರೂ ಅಗೆಯುತ್ತಾರೆಯೇ?” ಎಂದರು. “ಅಣ್ಣಾ, ಇದು ಬಾವಿ ತೋಡುವ ಕೆಲಸವಲ್ಲ, ನೀರು ಸೇದುವ ಕೆಲಸ, ನಿನ್ನೆ ಸೇದಿದ ಕೊಡ ಇವತ್ತಿನ ಸ್ನಾನಕ್ಕೆ ಒದಗುವುದೇ?” ಎಂದು ನಾವೆಂದುದಕ್ಕೆ ನಕ್ಕು, ಅತ್ತಿಗೆಯವರನ್ನು ಕರೆದು ಕಾಫಿ ತರಹೇಳಿದರು. ಎಂಟು ತಿಂಗಳಾಗಿರಬಹುದು. ಮಾಘಮಾಸದ ಒಂದು ಬೆಳಗ್ಗೆ ಅದೇ ಜಗಲಿಯ ಮೇಲೆ ಕಾಫಿಯ ಲೋಟ ಅವರ ಬಲಗೈಯಿಂದ ಜಾರಿ ಬಿದ್ದಿತು. ಬಾಗಿ ಎತ್ತಿಕೊಳ್ಳಹೋದರೆ ಕೈ ಮೇಲೇಳಲಿಲ್ಲ; ಅತ್ತಿಗೆಯವರ ಹೆಸರು ಹಿಡಿದು ಕೂಗಹೋದರೆ ನಾಲಗೆ ಹೊರಳಲಿಲ್ಲ. ಪಕ್ಷಾಘಾತ. ಅತ್ತಿಗೆಯವರು ಒಂದು ನಿಮಿಷವನ್ನೂ ಕಳೆಯದೆ ಪಕ್ಕದ ಮನೆಯವರ ಕಾರಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದುದರಿಂದ ಪ್ರಾಣ ಉಳಿಯಿತು, ಮಾತು ಮರಳಿತು. ನಲವತ್ತು ವರ್ಷ ಮುತ್ತಿನಂತಹ ಅಕ್ಷರದಲ್ಲಿ ಲೆಕ್ಕ ಬರೆದ ಕೈ ಮಾತ್ರ ಈಗ ಲೇಖನಿಯನ್ನು ಹಿಡಿಯಲಾರದು.

ಅವರಿಗೆ ತಿಳಿಯದ ಸಂಗತಿ ಯಾವುದಿತ್ತು? ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ಸ್ಮೃತಿಯನ್ನು, ಎಂದರೆ ನೆನಪನ್ನು, ಮೊದಲಿಟ್ಟು, ಹೇಳಿದಂತೆ ನಡೆಯುವುದನ್ನು ಅದರ ಮಗ್ಗುಲಲ್ಲಿಟ್ಟಿದೆ. ಪಾಂಡಿತ್ಯದ ಪ್ರಸ್ತಾಪ ಅಲ್ಲಿಲ್ಲ. ಅದೇ ಗ್ರಂಥವು ಪ್ರಜ್ಞಾಪರಾಧವೆಂಬುದನ್ನು ವಿವರಿಸುತ್ತ ಧೀ, ಧೃತಿ, ಸ್ಮೃತಿ ಎಂದು ಮೂರನ್ನು ಬಿಡಿಸಿ ಹೇಳುತ್ತದೆ. ಅರಿಯುವುದೊಂದು, ಅರಿತುದರಲ್ಲಿ ನಿಲ್ಲುವುದೊಂದು, ಹೊತ್ತಿಗೆ ಸರಿಯಾಗಿ ನೆನೆಯುವುದೊಂದು. ಉಪದೇಶದಿಂದ ಮೊದಲನೆಯದು ಬರಬಹುದು. ಮಿಕ್ಕೆರಡನ್ನು ಎಲ್ಲಿಂದ ತರುವುದು?

ಇದು ನಮ್ಮ ಅಣ್ಣನವರೊಬ್ಬರ ಸ್ವಭಾವವೆಂದು ವಾಚಕರು ತಿಳಿಯಬಾರದು. ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಸ್ಯಾಕೆಟ್, ಹೇನ್ಸ್ ಮೊದಲಾದ ವಿದ್ವಾಂಸರು ಉಕ್ಕಿನ ಕಾರ್ಖಾನೆಯ ೨೩೦ ಮಂದಿ ಕೆಲಸಗಾರರಲ್ಲಿ ಈ ಪ್ರಶ್ನೆಯನ್ನೇ ಶೋಧಿಸಿ ೧೯೭೫ರಲ್ಲಿ ಪ್ರಕಟಿಸಿದರು. ಕೆಲವರಿಗೆ ಕಾರ್ಖಾನೆಯಲ್ಲಿಯೇ ವೈದ್ಯರು ದೊರೆಯುವಂತೆ ಮಾಡಿದರು. ಕೆಲವರಿಗೆ ರೋಗದ ವಿಷಯವನ್ನು ಕ್ರಮವಾಗಿ ಪಾಠಮಾಡಿದರು. ಪಾಠ ಕೇಳಿದವರು ಚೆನ್ನಾಗಿಯೇ ಕಲಿತರು. ಆದರೆ ಗುಳಿಗೆ ನುಂಗುವುದರಲ್ಲಿ, ಪಾಠ ಕೇಳದವರಿಗಿಂತ ಅವರು ಒಂದು ಹೆಜ್ಜೆಯೂ ಮುಂದಿರಲಿಲ್ಲ. ವೈದ್ಯರು ಹತ್ತಿರವಿದ್ದುದರಿಂದಲೂ ಪ್ರಯೋಜನವಾಗಲಿಲ್ಲ. ಉಪಾಧ್ಯಾಯಕುಲಕ್ಕೆ ಇದಕ್ಕಿಂತ ಕಹಿಯಾದ ಕಷಾಯವಿಲ್ಲ!

ಅವರು ಅಲ್ಲಿಗೇ ಬಿಡಲಿಲ್ಲ. ಆರು ತಿಂಗಳಾದರೂ ಸರಿಯಾಗಿ ಔಷಧ ತೆಗೆದುಕೊಳ್ಳದೆ ಒತ್ತಡವೂ ಇಳಿಯದಿದ್ದ ೩೮ ಮಂದಿಯನ್ನು ಆರಿಸಿ, ಅವರಲ್ಲಿ ೨೦ ಮಂದಿಗೆ ತಮ್ಮ ಒತ್ತಡವನ್ನು ತಾವೇ ಅಳೆದು ಬರೆದಿಡುವುದನ್ನು ಕಲಿಸಿದರು. ನುಂಗಿದ ಗುಳಿಗೆಯ ಲೆಕ್ಕವನ್ನೂ ಬರೆಯಿಸಿದರು. ಗುಳಿಗೆಯನ್ನು ಅವರವರ ದಿನಚರಿಯ ಯಾವುದಾದರೊಂದು ತಪ್ಪದ ಕೆಲಸಕ್ಕೆ ಗಂಟುಹಾಕಿಸಿದರು. ಹದಿನೈದು ದಿನಕ್ಕೊಮ್ಮೆ ಒಬ್ಬರು ಬಂದು ಆ ಲೆಕ್ಕವನ್ನು ನೋಡಿ, ಸುಧಾರಿಸಿದ್ದರೆ ಮೆಚ್ಚಿ ಹೋಗುತ್ತಿದ್ದರು. ಹಾಗೆ ಬರುತ್ತಿದ್ದವರು ಹೈಸ್ಕೂಲು ಮುಗಿಸಿದವರು ಮಾತ್ರ, ವೈದ್ಯವನ್ನು ಕಲಿತವರಲ್ಲ. ಆರು ತಿಂಗಳಿನಲ್ಲಿ ಇವರ ಔಷಧಸೇವನೆ ನೂರಕ್ಕೆ ೨೧ರಷ್ಟು ಏರಿತು. ಮಿಕ್ಕ ೧೮ ಮಂದಿಯದು ಏರಲೇ ಇಲ್ಲ. ಇದು ೧೯೭೬ರ ವರದಿ.

ನಮ್ಮ ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತಲೆನೋವಿನ ಗುಳಿಗೆ ನೈಮಿತ್ತಿಕ. ನೋವೆಂಬ ನಿಮಿತ್ತ ಬಂದಾಗ ಮಾತ್ರ. ಟಾನಿಕ್ಕುಗಳೆಲ್ಲ ಕಾಮ್ಯ, ಪುಷ್ಟಿ ಬೇಕೆನ್ನುವವನಿಗೆ. ಒತ್ತಡದ ಗುಳಿಗೆಯಾದರೋ ನಿತ್ಯ. ಮಾಡಿದರೆ ಕಣ್ಣಿಗೆ ಕಾಣುವ ಫಲವೇನೂ ಇಲ್ಲ, ಬಿಟ್ಟರೆ ಪ್ರತ್ಯವಾಯವುಂಟು. ಇದನ್ನು ನೈಮಿತ್ತಿಕದ ಸಾಲಿಗೆ ಸೇರಿಸಿಕೊಳ್ಳುವುದರಿಂದಲೇ ಜನರು ಕೆಡುತ್ತಿರುವುದು. “ಇವತ್ತು ತಲೆ ಭಾರವಾಗಿದೆ, ಒಂದು ನುಂಗುತ್ತೇನೆ” ಎನ್ನುವವರನ್ನು ನಮ್ಮ ಬೀದಿಯಲ್ಲಿಯೇ ಮೂವರನ್ನು ಬಲ್ಲೆವು. ಸಂಧ್ಯಾವಂದನೆಯನ್ನು ತಲೆಭಾರವಾದ ದಿನ ಮಾತ್ರ ಮಾಡುವರೇ?

ಆಸ್ಪತ್ರೆಯಿಂದ ಬಂದಮೇಲೆ ಅಣ್ಣನವರ ಮನೆಯಲ್ಲಿ ಅತ್ತಿಗೆಯವರು ಏರ್ಪಡಿಸಿದ ಕ್ರಮ ಕೆನಡಾದವರದಕ್ಕೆ ಹತ್ತಿರವಾದುದೇ. ಅವರು ಆ ವರದಿಯ ಹೆಸರನ್ನೂ ಕೇಳಿದವರಲ್ಲ. ಕಾಫಿಯ ಫಿಲ್ಟರಿನ ಪಕ್ಕದಲ್ಲಿ ಗುಳಿಗೆಯ ಡಬ್ಬಿ. ಗುಳಿಗೆ ನುಂಗಿದಮೇಲೆ ಕಾಫಿ. ಕಾಫಿಯನ್ನು ನಮ್ಮ ವಂಶದಲ್ಲಿ ಯಾರೂ ಮರೆತುದಿಲ್ಲವಾದುದರಿಂದ ಗುಳಿಗೆಯನ್ನು ಮರೆಯುವುದೂ ನಿಂತಿತು. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರಗಳ ಪಕ್ಕಕ್ಕೆ ಅಣ್ಣನವರೇ ಎಡಗೈಯಿಂದ ಒಂದು ಗೀಟು ಎಳೆಯುತ್ತಾರೆ. ಏಕಾದಶಿಯ ಪ್ರಶ್ನೆಯನ್ನು ವೈದ್ಯರನ್ನೇ ಕೇಳಿದುದಕ್ಕೆ, ಈ ಗುಳಿಗೆಗೆ ಊಟದ ಹಂಗಿಲ್ಲ, ನೀರಿನೊಡನೆ ನುಂಗಬಹುದೆಂದರು. ಮಧುಮೇಹದ ಔಷಧಕ್ಕೆ ಈ ಮಾತು ಹೊಂದುವುದಿಲ್ಲ. ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು.

ಭಾನುವಾರ ಬೆಳಗ್ಗೆ ನಾವು ಹೋಗಿ ಕ್ಯಾಲೆಂಡರನ್ನು ನೋಡುತ್ತೇವೆ, ಒತ್ತಡವನ್ನೂ ಅಳೆಯುತ್ತೇವೆ. ಅದಕ್ಕೂ ಒಂದು ವಿಧಿಯುಂಟು. ಅಳೆಯುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಕಾಫಿ ಕೂಡದು, ಬೆನ್ನಿಗೆ ಆನಿಕೆ ಕೊಟ್ಟು, ಕಾಲುಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತು ಆಡಕೂಡದು. ಕೊನೆಯದೇ ಅಣ್ಣನವರಿಗೆ ಕಷ್ಟ.

ಗುಳಿಗೆಯಿಂದ ತೊಂದರೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಆಮ್ಲೋಡಿಪೀನ್ ಎಂಬುದರಿಂದ ಕೆಲವರಿಗೆ ಕಾಲಿನ ಹರಡು ಊದುತ್ತದೆ. ಎನಲಾಪ್ರಿಲ್ ಜಾತಿಯವುಗಳಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಮೂತ್ರವನ್ನು ಹೆಚ್ಚಿಸುವ ಗುಳಿಗೆಯನ್ನು ಸಾಯಂಕಾಲ ನುಂಗಿದರೆ ರಾತ್ರಿ ನಿದ್ರೆ ಕೆಡುತ್ತದೆ. ಇವೆಲ್ಲಕ್ಕೂ ಬದಲು ಔಷಧವುಂಟು, ಬದಲು ಹೊತ್ತೂ ಉಂಟು. ವೈದ್ಯರಿಗೆ ಹೇಳಿದರೆ ಮಾರ್ಪಡಿಸುತ್ತಾರೆ. ಹೇಳದೆ ನಿಲ್ಲಿಸುವುದೇ ಅಪಾಯ. ಕೆಲವು ಔಷಧಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡವು ಮೊದಲಿಗಿಂತ ಮೇಲಕ್ಕೆ ಹಾರುತ್ತದೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವ ಪ್ರಾಯಶ್ಚಿತ್ತವೂ ಬೇಡ. ಮೊಣಕಾಲುನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಗುಳಿಗೆಗಳಲ್ಲಿ ಹಲವು ಒತ್ತಡವನ್ನು ಏರಿಸತಕ್ಕವು. ಚೀಟಿ ಬರೆಯುವ ಎರಡು ನಿಮಿಷಗಳಲ್ಲಿ ವೈದ್ಯರು ಇದನ್ನೆಲ್ಲ ಹೇಳುವುದಿಲ್ಲವೆಂಬ ದೂರು ಸರಿಯಾದುದೇ. ಅವರ ಬಾಗಿಲಲ್ಲಿ ನಿಂತಿರುವವರ ಸಾಲನ್ನೂ ನೋಡಬೇಕಷ್ಟೆ.

ಸಂಸ್ಕೃತ ಬಲ್ಲವರೆಂದು ಕೆಲವರು ನಮ್ಮನ್ನು ಸರ್ಪಗಂಧದ ವಿಷಯವಾಗಿ ಕೇಳುವುದುಂಟು. ಅದು ನಮ್ಮ ನೆಲದ ಬೇರು. ೧೯೪೯ರಲ್ಲಿ ಮುಂಬಯಿಯ ಡಾಕ್ಟರ್ ವಕೀಲರು ಅದರ ಗುಣವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದಮೇಲೆ ಲೋಕವೆಲ್ಲ ಅದನ್ನು ಬಳಸಿತು. ೧೯೫೨ರಲ್ಲಿ ಅದರ ಸತ್ತ್ವವನ್ನು ಬೇರ್ಪಡಿಸಿದರು. ಅದರಿಂದ ಕೆಲವರ ಮನಸ್ಸು ತೀರ ಕುಗ್ಗಿಹೋಗುವುದು ಕಂಡುಬಂದು, ಒಳ್ಳೆಯ ಔಷಧಗಳು ಬಂದಮೇಲೆ ವೈದ್ಯರು ಬಹುಮಟ್ಟಿಗೆ ಬಿಟ್ಟರು. ಬೇರನ್ನು ಕುದಿಸಿ ಕುಡಿದು ಗುಳಿಗೆಯನ್ನು ಎಸೆಯುವುದಕ್ಕೆ ಶಾಸ್ತ್ರದ ಆಧಾರವನ್ನು ನಮ್ಮಿಂದ ಯಾರೂ ನಿರೀಕ್ಷಿಸಬಾರದು.

ಗೃಹಸ್ಥರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದು ವರ್ಷ ತುಂಬಿದ ಗಂಡಸರಲ್ಲಿ ನೂರಕ್ಕೆ ೨೪ ಮಂದಿಗೂ ಹೆಂಗಸರಲ್ಲಿ ೨೧ ಮಂದಿಗೂ ಒತ್ತಡವು ಹೆಚ್ಚಿದೆಯೆಂದು ಕಂಡುಬಂತು. ಅಂತರ ಬಹಳವಿಲ್ಲ. ಆದರೆ ಗಂಡನ ಗುಳಿಗೆಯನ್ನು ನೆನಪಿಸುವುದಕ್ಕೆ ಹೆಂಡತಿಯಿರುವಳು. ಹೆಂಡತಿಯದನ್ನು ನೆನಪಿಸುವವರು ಯಾರು? ಅಣ್ಣನವರಿಗಾಗಿ ಯಂತ್ರವನ್ನು ಕೊಂಡು ತಂದ ದಿನ, ಅದು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಅತ್ತಿಗೆಯವರ ತೋಳಿಗೆ ಸುತ್ತಿದೆವು. ೧೬೮/೧೦೨ ತೋರಿಸಿತು. ಯಂತ್ರ ಕೆಟ್ಟಿದೆಯೆಂದು ಅತ್ತಿಗೆಯವರು ಹೇಳಿದರು. ಕೆಟ್ಟಿರಲಿಲ್ಲ, ವೈದ್ಯರ ಯಂತ್ರವೂ ಮೂರು ಸಲ ಅದನ್ನೇ ಹೇಳಿತು. ಈಗ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗೀಟುಗಳಿವೆ. ಅತ್ತಿಗೆಯವರ ಕೆಂಪು ಗೀಟು ಬೀಳದೆ ಅಣ್ಣನವರು ಕಾಫಿಯನ್ನು ಮುಟ್ಟುವುದಿಲ್ಲ.

ಬರುವ ತಿಂಗಳು ದಂಪತಿಗಳು ಉಡುಪಿಗೂ ಶೃಂಗೇರಿಗೂ ಹೋಗಿ ಬರುವರು. ಆರು ದಿನದ ಪ್ರಯಾಣ. ಅತ್ತಿಗೆಯವರು ಒಬ್ಬೊಬ್ಬರಿಗೆ ಒಂಬತ್ತು ಗುಳಿಗೆಯಂತೆ ಎಣಿಸಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿ ಈಗಲೇ ಕಟ್ಟಿಟ್ಟಿದ್ದಾರೆ. ಮೂರು ಹೆಚ್ಚೇಕೆಂದು ಕೇಳಿದೆವು. “ಘಟ್ಟದ ದಾರಿ ಕಣಪ್ಪ, ಮಳೆ ಬಂದು ಬಸ್ಸು ನಿಂತರೆ?” ಎಂದರು.